ಕುದಿಸದೆ ಬಿಟ್ಟ ರಸ

ಈ ಸಲದ ಪಂಚಮಿಗೆ, ಎಂದರೆ ಮೂರು ವಾರದ ಹಿಂದೆ, ಪಕ್ಕದ ಮನೆಯ ಗಂಗವ್ವ ತುಪ್ಪದಲ್ಲಿ ಒಣದ್ರಾಕ್ಷಿ ಹುರಿಯುತ್ತಿದ್ದಳು. ಆ ವಾಸನೆ ನಮ್ಮ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂತು. ತುಪ್ಪದಲ್ಲಿ ದ್ರಾಕ್ಷಿ ಉಬ್ಬುವ ವಾಸನೆಗೆ ಬೇರೆಯವರಿಗೆ ಬಾಯಲ್ಲಿ ನೀರು ಬರುತ್ತದೆ, ನನಗೆ ಅಂಗೈ ಬೆವರುತ್ತದೆ. ಮರುದಿನ ಆಕೆ ತಾಟಿನ ತುಂಬ ಉಂಡಿ ತಂದಳು: ರವೆ ಉಂಡಿ, ಬೇಸನ್ ಉಂಡಿ, ಶೇಂಗಾ ಉಂಡಿ. ನಮ್ಮ ಮನೆಯಲ್ಲಿ ಪಂಚಮಿ ಇಲ್ಲ, ಆದರೆ ಗಂಗವ್ವನ ಉಂಡಿ ಇಲ್ಲದ ಪಂಚಮಿಯೂ ಇಲ್ಲ. ಅವಳ ಎದುರಿಗೇ ಕುಳಿತು ತಿಂದೆ. ತಿನ್ನುತ್ತ, ವಾಡಿಕೆಯಂತೆ, ದ್ರಾಕ್ಷಿಗಳನ್ನು ಒಂದೊಂದಾಗಿ ಕಿತ್ತು ತಾಟಿನ ಅಂಚಿಗೆ ಸರಿಸಿದೆ.

“ಯಾಕ್ರಿ ಅಕ್ಕೋರ, ವರ್ಷಾ ಹಿಂಗ ದ್ರಾಕ್ಷಿ ಆರಿಸಿ ಬದಿಗಿ ಇಡತೀರಿ? ನಿಮ್ಮ ಧರ್ಮದಾಗ ನಡಿಯೂದಿಲ್ಲೇನ್ರಿ?” ಎಂದಳು.

“ನಡೀತೈತಿ ಗಂಗವ್ವ. ಹಲ್ಲಿಗೆ ಹತ್ತತಾವ,” ಎಂದೆ.

ಸುಳ್ಳು. ನನ್ನ ಹಲ್ಲು ಈಗಲೂ ಕಬ್ಬು ಸಿಗಿಯುತ್ತವೆ. ನಿಜ ಹೇಳಬೇಕೆಂದರೆ ನಿಮ್ಮನ್ನು ಸ್ವಲ್ಪ ಹೊತ್ತು ಕೂರಿಸಿಕೊಳ್ಳಬೇಕು. ಹೊಟ್ಟೆಕಿಚ್ಚಿನ ಕಥೆ ಯಾರಿಗಾದರೂ ಕೇಳಲು ಇಷ್ಟವೇ. ಹೇಳುವವರಿಗೆ ಮಾತ್ರ ಕಷ್ಟ.

ನಾನು ಬೈಲಹೊಂಗಲ ತಾಲೂಕಿನಲ್ಲಿ, ನೇಸರಗಿ ದಿಕ್ಕಿನ ಒಂದು ಊರಿನ ಕನ್ನಡ ಸಾಲಿ ಅಕ್ಕೋರು, ಎಂದರೆ ಶಿಕ್ಷಕಿ, ಆಗಿದ್ದವಳು. ಊರ ಹೆಸರು ಬೇಡ, ಹೇಳಿದರೆ ಅಲ್ಲಿಯವರಿಗೆ ಎಲ್ಲರ ಮುಖವೂ ಕಣ್ಣ ಮುಂದೆ ಬಂದುಬಿಡುತ್ತದೆ. ನಮ್ಮದು ನಲವತ್ತು ಮನೆಗಳ ಸಣ್ಣ ಕ್ರೈಸ್ತ ಸಭೆ. ಸುಣ್ಣ ಬಳಿದ ಗೋಡೆ, ತಗಡಿನ ಮಾಡು, ಎರಡು ಸಾಲು ಬೆಂಚು. ನಾನು ಮೂರು ವರ್ಷದವಳಿದ್ದಾಗಿನಿಂದ ಆ ಬೆಂಚಿನ ಮೇಲೆ ಕುಳಿತವಳು. ಭಾನುವಾರದ ಶಾಲೆಯಲ್ಲಿ ವಾಕ್ಯಗಳನ್ನು ತಪ್ಪಿಲ್ಲದೆ ಬಾಯಿಪಾಠ ಒಪ್ಪಿಸಿ ಸ್ಟೀಲಿನ ಲೋಟ ಬಹುಮಾನ ಗೆದ್ದವಳು. ಜ್ವರ ಬಂದರೂ ಆರಾಧನೆ ತಪ್ಪಿಸಿದವಳಲ್ಲ. ಇದನ್ನೆಲ್ಲ ಜಂಬಕ್ಕೆ ಹೇಳುತ್ತಿಲ್ಲ ಎಂದರೆ ಅದೂ ಇನ್ನೊಂದು ಸುಳ್ಳಾದೀತು.

ಭಾನುವಾರದ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ರೂತವ್ವ. ಒಂದು ವಾಕ್ಯವೂ ಅವಳ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ನಾನು ಮೆಲ್ಲಗೆ ಕಿವಿಯಲ್ಲಿ ಹೇಳಿಕೊಡುತ್ತಿದ್ದೆ, ಅವಳು ಗಟ್ಟಿಯಾಗಿ ತಪ್ಪು ಒಪ್ಪಿಸುತ್ತಿದ್ದಳು, ಎಲ್ಲರೂ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಸಾಲಿಗೆ ಹೋಗಲಿಲ್ಲ, ಓದು ಬರಹ ಬರಲಿಲ್ಲ. ಮದುವೆಯಾಗಿ ನವಿಲುತೀರ್ಥದ ಕಡೆ ಹೋದಳು. ಗಂಡ ಕಾಲುವೆಯ ಕೆಲಸದವನು, ಬೇಗ ತೀರಿಕೊಂಡ. ಆಮೇಲೆ ಅವಳು ಬೆಲ್ಲ ಕೊಳೆಹಾಕಿ ಭಟ್ಟಿ ಸೆರೆ ಇಳಿಸಿ ಕೂಲಿಯವರಿಗೆ ಮಾರತೊಡಗಿದಳು. ಸುದ್ದಿ ಊರಿಗೆ ಮುಟ್ಟಿದಾಗ ನಮ್ಮ ಸಭೆಯ ಹಿರಿಯರು ಕೂಡಿ ಅವಳ ಹೆಸರು ಹೊಡೆದುಹಾಕಿದರು. ಹನ್ನೆರಡು ವರ್ಷ ಅವಳು ಹೊರಗೇ ಇದ್ದಳು. ಆ ಹನ್ನೆರಡು ವರ್ಷ ನಾನು ಅವಳಿಗಾಗಿ ತಪ್ಪದೆ ಪ್ರಾರ್ಥನೆ ಮಾಡಿದೆ, ಅದೂ ಬಹಳ ಸುಖವಾಗಿ.

ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಭಾನುವಾರ ಆರಾಧನೆಯ ನಡುವೆ ಬಾಗಿಲಲ್ಲಿ ರೂತವ್ವ ನಿಂತಿದ್ದಳು. ಸೆರಗು ತಲೆಯ ಮೇಲೆ ಹೊದ್ದು ಎರಡು ಬೆಂಚುಗಳ ನಡುವೆ ನಡೆದು ಬಂದು ಮೇಜಿನ ಮುಂದೆ ಹಣೆ ನೆಲಕ್ಕೆ ಹಚ್ಚಿದಳು. ಅವಳ ಸೆರೆ ಕುಡಿದ ಒಬ್ಬಾತ ಕಾಲುವೆಗೆ ಬಿದ್ದು ಅರ್ಧಜೀವವಾಗಿದ್ದನಂತೆ. ಆತನ ಹೆಂಡತಿ ಬಂದು ಒಂದು ಮಾತೂ ಬೈಯದೆ ಇವಳ ಹೊಸ್ತಿಲ ಮೇಲೆ ಇಡೀ ಮಧ್ಯಾಹ್ನ ಕುಳಿತಿದ್ದಳಂತೆ. ಆಕೆ ಎದ್ದು ಹೋದ ಮೇಲೆ ಇವಳು ಗಡಿಗೆಗಳನ್ನೆಲ್ಲ ಒಡೆದು ಬಂದದ್ದು. ನಮ್ಮ ಸಭೆಯ ಪಾಲಕರು, ಅವರನ್ನು ನಾವು ಅಯ್ನೋರು ಎನ್ನುತ್ತೇವೆ, ಅವಳನ್ನು ಭುಜ ಹಿಡಿದು ಎಬ್ಬಿಸಿದರು. ಹೆಂಗಸರೆಲ್ಲ ಅತ್ತರು. ನಮ್ಮ ಅತ್ತೆ, ಮಗ ದೂರದ ಊರಿಗೆ ವರ್ಗವಾದಾಗಲೂ ಕಣ್ಣೀರು ತೆಗೆಯದ ಹೆಣ್ಣುಮಗಳು, ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಕರವಸ್ತ್ರ ತೆಗೆದೆ. ಆದರೆ ಒಳಗೆ ಏನೋ ಉರಿಯಿತು. ನನ್ನನ್ನು ಹಾಗೆ ಯಾರೂ ಎಂದೂ ಭುಜ ಹಿಡಿದು ಎಬ್ಬಿಸಿರಲಿಲ್ಲ. ನಾನು ಬಿದ್ದೇ ಇರಲಿಲ್ಲವಲ್ಲ.

ಅಲ್ಲಿಂದ ಶುರುವಾಯಿತು ನನ್ನ ಹೊಟ್ಟೆಉರಿ. ನಮ್ಮಲ್ಲಿ ಆರಾಧನೆಯ ಕೊನೆಗೆ ಯಾರಾದರೂ ಎದ್ದು ನಿಂತು ದೇವರು ತಮ್ಮ ಬಾಳಿನಲ್ಲಿ ಏನು ಮಾಡಿದ ಎಂದು ಹೇಳುವ ಪದ್ಧತಿಯಿದೆ, ಅದಕ್ಕೆ ಸಾಕ್ಷಿ ಎನ್ನುತ್ತೇವೆ. ರೂತವ್ವನ ಸಾಕ್ಷಿ ಕೇಳಿದವರು ಮತ್ತೆ ಕೇಳಬೇಕೆನ್ನುತ್ತಿದ್ದರು. ಸವದತ್ತಿಯಿಂದ ಕರೆ ಬಂತು, ರಾಮದುರ್ಗದಿಂದ ಬಂತು, ಕಿತ್ತೂರಿನ ಕಡೆಯಿಂದ ಜೀಪೇ ಬಂತು. ಓದು ಬಾರದವಳು ಎಷ್ಟು ಚೆನ್ನಾಗಿ ಹೇಳುತ್ತಿದ್ದಳೆಂದರೆ, ಭಟ್ಟಿಯ ಗಡಿಗೆ ಗುಳುಗುಳು ಎನ್ನುವುದು ಕೇಳಿಸುತ್ತಿತ್ತು. ಜನ ಬಾಯಿ ತೆರೆದು ಕುಳಿತಿರುತ್ತಿದ್ದರು. ಇಡೀ ಆಯುಷ್ಯ ಪಾಠ ಹೇಳಿದವಳು ನಾನು. ನನ್ನ ಎದುರು ಮಕ್ಕಳು ಬಾಯಿ ತೆರೆಯುತ್ತಿದ್ದದ್ದು ಆಕಳಿಸಲಿಕ್ಕೆ.

ಒಂದು ಭಾನುವಾರ ತಡೆಯಲಾರದೆ ನಾನೂ ಎದ್ದು ನಿಂತೆ. ನನ್ನ ಪಾಪ ಯಾವುದು ಎಂದು ವಾರವೆಲ್ಲ ಹುಡುಕಿದ್ದೆ. ಕೊನೆಗೆ ಸಿಕ್ಕದ್ದು, ಎರಡನೇ ಇಯತ್ತೆಯಲ್ಲಿ ಅಜ್ಜಿಯ ನೆಲುವಿನಿಂದ ಬೆಲ್ಲ ಕದ್ದದ್ದು. ಅದನ್ನೇ ಆದಷ್ಟು ದುಃಖದಿಂದ ಹೇಳಿದೆ. ಮುಂದಿನ ಸಾಲಿನಲ್ಲಿ ದೇವಪ್ಪ ಹಿರಿಯರ ಮೀಸೆ ಕುಣಿಯಿತು. ಹಿಂದೆ ಯಾರೋ ಕಿಸಕ್ಕೆಂದರು. ಹೊರಗೆ ಬಂದಾಗ ಅಯ್ನೋರು ನಗುನಗುತ್ತ, “ಅಕ್ಕೋರ, ಬೆಲ್ಲಾ ಅಜ್ಜಿ ಯಾವಾಗೋ ಬಿಟ್ಟಬಿಟ್ಟಾಳ್ರಿ,” ಎಂದರು. ರೂತವ್ವ ಮಾತ್ರ ನಗಲಿಲ್ಲ. ನನ್ನ ಕೈ ಹಿಡಿದು, “ಎಷ್ಟ ಮೆತ್ತನ ಮನಸ್ಸರಿ ನಿಮ್ಮದು,” ಎಂದಳು. ನಕ್ಕಿದ್ದರೆ ವಾಸಿಯಿತ್ತು.

ನಿಜ ಹೇಳುತ್ತೇನೆ, ನನ್ನ ಸಿಟ್ಟು ಅವಳ ಮೇಲಿಗಿಂತ ದೇವರ ಮೇಲಿತ್ತು. ವರ್ಷವಿಡೀ ಒಂದು ದಿನ ತಪ್ಪಿಸದೆ ಸಾಲಿಗೆ ಬಂದ ಹುಡುಗಿಯನ್ನು ಬಿಟ್ಟು, ಕೊನೆಯ ದಿನ ಕೆಸರುಗಾಲಲ್ಲಿ ಬಂದವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದರೆ ಹೇಗಾಗಬೇಕು? ನಾನು ಅಂಥ ಅಕ್ಕೋರಾಗಿರಲಿಲ್ಲ. ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿದರೆ ದೇವರು ನನ್ನ ತಲೆಯ ಮೇಲಿಂದ ಹಿಂದಿನ ಬೆಂಚಿನ ರೂತವ್ವನನ್ನು ನೋಡುತ್ತಿದ್ದಾನೆ ಎನಿಸುತ್ತಿತ್ತು. ಗಂಡನಿಗೆ ಹೇಳಿದೆ. “ದೇವರ ಮ್ಯಾಲೂ ಹೊಟ್ಟೆಕಿಚ್ಚ ಪಡತೀಯಲ್ಲ, ನಿನಗೇನನ್ನಬೇಕು,” ಎಂದು ಪೇಪರು ಮಗುಚಿದರು.

ಇಷ್ಟಿದ್ದರೂ ನನ್ನದೆಂದು ಒಂದು ಉಳಿದಿತ್ತು. ತಿಂಗಳ ಮೊದಲ ಭಾನುವಾರ, ಈಸ್ಟರ್ ದಿನವೂ, ನಮ್ಮಲ್ಲಿ ಕರ್ತನ ಭೋಜನ, ಕ್ರಿಸ್ತನ ಕಡೆಯ ಊಟವನ್ನು ನೆನೆಯುವ ಆಚರಣೆ. ರೊಟ್ಟಿಯ ಜೊತೆ ಕೊಡುವ ದ್ರಾಕ್ಷಾರಸವನ್ನು ನಮ್ಮ ಅತ್ತೆಯ ಅತ್ತೆಯ ಕಾಲದಿಂದ ನಮ್ಮ ಮನೆಯವರೇ ಮಾಡುವುದು. ಕಲಾಯಿ ಹಾಕಿಸಿದ ಒಂದು ಹಿತ್ತಾಳೆ ಪಾತೇಲಿ ಅದಕ್ಕೆಂದೇ ಮೀಸಲು, ಅದರಲ್ಲಿ ನೀರು ಸಹ ಕಾಯಿಸುತ್ತಿರಲಿಲ್ಲ. ಅತ್ತೆಯ ಕೈ ನಡುಗತೊಡಗಿತ್ತು. ಮುಂದಿನದು ನಾನೇ ಎಂದು ಎಲ್ಲರಿಗೂ ಗೊತ್ತಿತ್ತು, ನನಗಂತೂ ಖಾತ್ರಿಯಿತ್ತು. ಅಷ್ಟರಲ್ಲಿ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳ ಒಂದು ಭಾನುವಾರ ಅಯ್ನೋರು ಎಲ್ಲರ ಮುಂದೆ ಹೇಳಿದರು: “ಅಕ್ಕೋರ ಅತ್ತಿಯವರಿಗೆ ಇನ್ನ ಆಗೂದಿಲ್ಲ. ನಾವು ಯೋಚನೆ ಮಾಡೇವಿ. ಸೆರೆ ಇಳಿಸಿದ ರೂತವ್ವನ ಕೈ ಇನ್ನ ಮ್ಯಾಲೆ ಕರ್ತನ ಮೇಜಿನ ರಸ ಹಿಂಡಲಿ.”

ಸಭೆಯೆಲ್ಲ ಆಮೆನ್ ಎಂದಿತು. ರೂತವ್ವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ನನ್ನ ಬಾಯಿಯೂ ಆಮೆನ್ ಎಂದಿತು, ಅದಕ್ಕೆ ರೂಢಿಯಾಗಿತ್ತು.

ಮನೆಗೆ ಬಂದು ಅತ್ತೆಯ ಮುಂದೆ ಕೂಗಾಡಿದೆ. ಅತ್ತೆ ಕೇಳಿಸಿಕೊಂಡು ಹೇಳಿದ್ದಿಷ್ಟೆ: “ಪಾತೇಲಿ ಆಕಿಗೆ ಕೊಡು. ನೀನ ಕಲಿಸು. ಕಲಿಸೂದು ನಿನಗ ಬರತೈತಿ.”

ಕಲಿಸಿದೆ. ಈಸ್ಟರ್ ಹಬ್ಬದ ವಾರ, ಬುಧವಾರ ಸಂಜೆ ರೂತವ್ವ ಬಂದು ಹೊಸ್ತಿಲ ಬಳಿ ಕುಳಿತಳು. ಶುಕ್ರವಾರವೆಲ್ಲ ಉಪವಾಸ, ದೀರ್ಘ ಆರಾಧನೆ ಇರುವುದರಿಂದ ಆ ವಾರ ಗುರುವಾರವೇ ರಸ ಹಿಂಡಿ ಇಡಬೇಕು. ನಾನು ಸಾಲಿಯಲ್ಲಿ ಹೇಳುವಂತೆ ಒಂದೊಂದಾಗಿ ಹೇಳಿದೆ. “ಒಣದ್ರಾಕ್ಷಿ ಮೂರ ನೀರಾಗ ತೊಳಿ. ಇವತ್ತ ನೆನೀಲಿ. ನಾಳೆ ಕೈಲೆ ಹಿಚುಕಿ ಹಿಂಡು. ಬಿಳಿ ಅರಬಿಯೊಳಗ ಎರಡ ಸಲ ಸೋಸು. ಬಾಟಲಿಗೆ ತುಂಬಿ ಬಿರಡಿ ಹಾಕು.” ಅವಳು ಒಂದನೇ ಇಯತ್ತೆಯ ಮಗುವಿನ ಹಾಗೆ ಬೆರಳು ಮಡಚಿ ಮಡಚಿ ತಿರುಗಿ ಹೇಳಿದಳು. ಒಂದೂ ತಪ್ಪಲಿಲ್ಲ.

ಆಮೇಲೆ ಕೇಳಿದಳು: “ಇನ್ನೇನರ ಐತೇನ್ರಿ ಅಕ್ಕೋರ?”

ಇತ್ತು. ಹಿಂಡಿದ ರಸವನ್ನು ಬಾಟಲಿಗೆ ತುಂಬುವ ಮೊದಲು ಉಕ್ಕಿ ಬರುವ ತನಕ ಕುದಿಸಬೇಕು. ಕುದಿಸದಿದ್ದರೆ ನಮ್ಮ ಬೇಸಿಗೆಯಲ್ಲಿ ಎರಡು ದಿನಕ್ಕೆ ಹುಳಿ ಬರುತ್ತದೆ.

“ಇಲ್ಲ. ಅಷ್ಟ,” ಎಂದೆ.

ಮರೆತೆ ಎಂದು ನಿಮಗೆ ಹೇಳಬಹುದಿತ್ತು. ನನಗೇ ಎಷ್ಟೋ ಸಲ ಹಾಗೆ ಹೇಳಿಕೊಂಡಿದ್ದೇನೆ. ಮರೆತಿರಲಿಲ್ಲ. ರಸ ಸ್ವಲ್ಪ ಹುಳಿಯಾಗಲಿ, ಜನ ಮುಖ ಕಿವುಚಲಿ, “ಅಕ್ಕೋರ ಮನಿ ರಸದಂಗ ಆಗಿಲ್ಲ” ಎಂದು ಒಬ್ಬರಾದರೂ ಅನ್ನಲಿ ಎಂದಷ್ಟೇ ನನ್ನ ಆಸೆ. ಅದಕ್ಕಿಂತ ಮುಂದೆ ನನ್ನ ಬುದ್ಧಿ ಓಡಲಿಲ್ಲ. ಹೊಟ್ಟೆಕಿಚ್ಚಿನವರ ಬುದ್ಧಿ ಬಹಳ ದೂರ ಓಡುವುದಿಲ್ಲ.

ಈಸ್ಟರ್ ಬೆಳಿಗ್ಗೆ ಬೆಂಚುಗಳಲ್ಲಿ ಜಾಗವಿರಲಿಲ್ಲ. ಹೊಸ ಸೀರೆ, ಮಲ್ಲಿಗೆ. ಅಯ್ನೋರು ಮೇಜಿನ ಮುಂದೆ ನಿಂತು ಬಾಟಲಿಯ ಬಿರಡೆ ಎಳೆದರು. ಟಪ್ಪೆಂದು ಅದು ಅವರ ಕೈಯಿಂದ ಹಾರಿತು. ನೊರೆ ಉಕ್ಕಿ ಬಿಳಿ ಬಟ್ಟೆಯ ಮೇಲೆಲ್ಲ ಹರಿಯಿತು. ಮೂರು ದಿನದ ಏಪ್ರಿಲ್ ಬಿಸಿಲು ಅದರೊಳಗಿತ್ತು. ವಾಸನೆ ಎರಡನೇ ಸಾಲಿನ ನನಗೆ ಬಂತು, ಆಮೇಲೆ ಹಿಂದಿನವರಿಗೂ ಬಂತು. ಅದು ಯಾವ ವಾಸನೆ ಎಂದು ಆ ಸಭೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ದೇವಪ್ಪ ಹಿರಿಯರು ಎಲ್ಲರಿಗೂ ಕೇಳುವಂತೆ, “ನಾಯಿ ಬಾಲಾ ಡೊಂಕ ಅಂತ ಸುಮ್ಮನ ಹೇಳಿಲ್ಲ ಹಿರ್ಯಾರು,” ಎಂದರು.

ರೂತವ್ವ ಎದ್ದು ನಿಂತಳು. ನನ್ನತ್ತ ನೋಡುತ್ತಾಳೆ, ಅಕ್ಕೋರು ಹೇಳಿದಂತೆಯೇ ಮಾಡಿದೆ ಎನ್ನುತ್ತಾಳೆ ಎಂದು ನಾನು ಕಾದೆ. ಅವಳು ಯಾರನ್ನೂ ನೋಡಲಿಲ್ಲ. “ತಪ್ಪಾತ್ರಿ,” ಎಂದು ಹೊರಗೆ ನಡೆದಳು. ಬಾಯಿ ತೆರೆಯಲು ನನಗೆ ಅವಳು ಬಾಗಿಲು ದಾಟುವ ತನಕ ಸಮಯವಿತ್ತು. ತೆರೆಯಲಿಲ್ಲ. ಅಯ್ನೋರು ಬಟ್ಟೆ ಮಡಚಿ, ಭೋಜನ ಮುಂದಿನ ವಾರ ಎಂದರು. ಈಸ್ಟರ್ ಹಬ್ಬದ ದಿನ ನಮ್ಮ ಸಭೆಯ ಮೇಜು ಬರಿದಾಗಿದ್ದು ಅದೇ ಮೊದಲು.

ಅತ್ತೆ ಆ ದಿನ ಮೈಯಲ್ಲಿ ಹುಷಾರಿಲ್ಲದೆ ಮನೆಯಲ್ಲಿದ್ದಳು. ಸುದ್ದಿ ಕೇಳಿ, “ಕುದಸಾಕ ಹೇಳಿದ್ದಿಲ್ಲೇನ ಆಕಿಗೆ?” ಎಂದಳು.

“ಹೇಳಿದ್ದೆ,” ಎಂದೆ.

ಅತ್ತೆ ಹೂಂ ಎಂದು ಗೋಡೆಯ ಕಡೆ ಹೊರಳಿದಳು. ಎರಡು ತಿಂಗಳಿಗೆ ತೀರಿಕೊಂಡಳು. ಆ ಮಾತು ಮತ್ತೆ ಎತ್ತಲಿಲ್ಲ.

ರೂತವ್ವ ಮರುದಿನವೇ ಊರು ಬಿಟ್ಟು ಮನೋಳಿಯಲ್ಲಿ ಅಣ್ಣನ ಮನೆಗೆ ಹೋದಳು. ಹೋಗುವ ಮುನ್ನ ಪಾತೇಲಿಯನ್ನು ಹುಣಸೆಹಣ್ಣು ಹಚ್ಚಿ ಥಳಥಳ ತಿಕ್ಕಿ ನಮ್ಮ ಕಟ್ಟೆಯ ಮೇಲಿಟ್ಟಿದ್ದಳು. ಅಯ್ನೋರು ಎರಡು ಸಲ ಕರೆಯಲು ಹೋಗಿ ಬರಿಗೈಲಿ ಬಂದರು. ಆಮೇಲೆ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ರಸ ಮಾಡುವ ಕೆಲಸ ನನಗೆ ಬಂತು. ಏಳು ವರ್ಷ ಮಾಡಿದೆ. ಉಕ್ಕಿ ಬರುವ ತನಕ ಕುದಿಸಿದೆ, ಬೇಕಾದದ್ದಕ್ಕಿಂತ ಹೆಚ್ಚೇ ಕುದಿಸಿದೆ. ಚೆನ್ನಾಗಿದೆ ಎಂದರು ಎಲ್ಲರೂ. ನಾನು ಬಯಸಿದ್ದು ಅದೇ ಮಾತಲ್ಲವೇ? ಆ ಮಾತು ಕೇಳಿದಾಗೆಲ್ಲ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಪಾಡು ನನ್ನದು.

ಇಲ್ಲೊಂದು ರೂಢಿಯ ವಿಷಯ ಹೇಳಬೇಕು. ಜಗಳವಿಟ್ಟುಕೊಂಡು ಕರ್ತನ ಮೇಜಿಗೆ ಬರಬಾರದು ಎಂಬುದು ಎಲ್ಲ ಸಭೆಗಳಲ್ಲೂ ಇದೆ. ನಮ್ಮವರು ಅದಕ್ಕೊಂದು ಸುಲಭದ ದಾರಿ ಮಾಡಿಕೊಂಡಿದ್ದಾರೆ. ಭೋಜನದ ಹಿಂದಿನ ಶನಿವಾರ ಸಂಜೆ ತಪ್ಪು ಮಾಡಿದವರು ಇನ್ನೊಬ್ಬರ ಮನೆಗೆ ಹೋಗಿ ಒಂದು ಕಪ್ಪು ಚಹಾ ಕುಡಿದು ಬರುತ್ತಾರೆ. ಹೆಚ್ಚು ಮಾತು ಬೇಕಿಲ್ಲ. ಅವರು ಚಹಾ ಕೊಟ್ಟರು, ಇವರು ಕುಡಿದರು, ಮುಗಿಯಿತು. ಭಾನುವಾರ ಬೆಳಿಗ್ಗೆ ಹಿರಿಯರು ಬಾಗಿಲಲ್ಲಿ ನಿಂತು, “ಚಹಾ ಆತೇನು?” ಎಂದು ಕೇಳುವುದುಂಟು. ನನ್ನ ಮನೆಗೆ ಬಂದು ಚಹಾ ಕುಡಿದು ಹೋದವರು ಬಹಳ ಮಂದಿ. ನಾನು ಮಾತ್ರ ಯಾರ ಮನೆಗೂ ಹಾಗೆ ಹೋದವಳಲ್ಲ, ಅದೂ ನನ್ನದೊಂದು ಹೆಮ್ಮೆ. ಈ ಏಳು ವರ್ಷ ಪ್ರತಿ ಶನಿವಾರ ಸಂಜೆ ನನ್ನ ಚಪ್ಪಲಿ ಬಾಗಿಲಲ್ಲಿ ನನ್ನನ್ನೇ ನೋಡುತ್ತಿದ್ದವು. ದೇವರಲ್ಲಿ ಕ್ಷಮೆ ಕೇಳಿದ್ದೆ, ನೂರು ಸಲ ಕೇಳಿದ್ದೆ. ದೇವರಿಗೆ ಕಣ್ಣು ಮುಚ್ಚಿ ಹೇಳಬಹುದು. ರೂತವ್ವನಿಗೆ ಹೇಳಲು ಮನೋಳಿಯ ಬಸ್ಸು ಹತ್ತಬೇಕು, ಕಣ್ಣು ತೆರೆದಿರಬೇಕು. ಸಾಲಿ ಇದೆ, ರಜೆ ಇಲ್ಲ ಎಂದು ತಪ್ಪಿಸಿಕೊಂಡೆ. ಈ ಮೇ ತಿಂಗಳಲ್ಲಿ ನಿವೃತ್ತಿಯಾಯಿತು. ನೆವ ತೀರಿದವು. ಪಂಚಮಿಯ ದಿನ ಗಂಗವ್ವನಿಗೆ ಹಲ್ಲಿನ ಸುಳ್ಳು ಹೇಳಿದಾಗ, ಇನ್ನು ಇವಳಿಗೂ ಸುಳ್ಳು ಹೇಳುವುದು ಶುರುವಾಯಿತಲ್ಲ ಎಂದು ನನಗೇ ಅಸಹ್ಯವಾಯಿತು.

ಶುಕ್ರವಾರ ಹೊರಟೆ. ಸವದತ್ತಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ರೂತವ್ವ ಅಣ್ಣನ ಮನೆಯ ಪಡಸಾಲೆಯಲ್ಲಿ ಹೆಸರುಕಾಯಿ ಸುಲಿಯುತ್ತ ಕುಳಿತಿದ್ದಳು. ಕೂದಲು ಬೆಳ್ಳಗಾಗಿತ್ತು.

“ಅಯ್ಯ, ಅಕ್ಕೋರ. ಬರ್ರಿ, ಕುಂಡ್ರಿ. ಬಿಸಲಾಗ ಬಂದೀರಿ, ಚಹಾ ಮಾಡತೇನಿ,” ಎಂದು ಎದ್ದಳು.

“ಚಹಾ ಆಮ್ಯಾಲ. ಮೊದಲ ನಾ ಹೇಳೂದ ಕೇಳು,” ಎಂದೆ. ಬಸ್ಸಿನಲ್ಲಿ ಉದ್ದನೆಯ ಮಾತು ಕಟ್ಟಿಕೊಂಡಿದ್ದೆ, ಒಂದೂ ಬರಲಿಲ್ಲ. “ಆ ಈಸ್ಟರ್ ರಸಾ ಕುದಸಬೇಕಿತ್ತು. ನಾ ನಿನಗ ಹೇಳಲಿಲ್ಲ. ಬೇಕಂತ ಹೇಳಲಿಲ್ಲ. ನಿನ್ನ ಕಂಡ್ರ ನನಗ ಹೊಟ್ಟಿ ಉರೀತಿತ್ತು.”

ಅವಳ ಕೈ ಕಾಯಿಯ ಮೇಲೆ ನಿಂತಿತು. ಬೈಗುಳಕ್ಕೆ ತಯಾರಾಗಿ ಕುಳಿತೆ.

“ಹಂಗಾರ ಆ ವಾಸನಿ ಖರೇನ ಇತ್ತೇನ್ರಿ?” ಎಂದಳು.

“ಯಾವ ವಾಸನಿ?”

“ಆವತ್ತ ಮುಂಜಾನಿ ಬಾಟಲಿ ಎತ್ತಿದಾಗ ನನಗ ವಾಸನಿ ಬಂದಿತ್ರಿ. ಹನ್ನೆರಡ ವರ್ಷ ಸೆರೆ ಇಳಿಸಿದಾಕಿ, ನನಗ ಗೊತ್ತಾಗೂದಿಲ್ಲೇನ್ರಿ? ಆದ್ರ ನನ್ನ ಮೂಗ ನಾ ನಂಬಲಿಲ್ಲ. ಭಟ್ಟಿ ಬಿಟ್ಟ ಮ್ಯಾಲೂ ನನಗ ಎಲ್ಲಾದ್ರಾಗೂ ಅದ ವಾಸನಿ ಬರತಿತ್ತು. ಅನ್ನದಾಗ, ಹಾಸಗ್ಯಾಗ, ತಲಿಗೂದಲದಾಗ. ಅಕ್ಕೋರು ಹೇಳಿದಂಗ ಮಾಡೇನಿ ಅಂದ ಮ್ಯಾಲ ರಸಾ ಹೆಂಗ ಕೆಡತೈತಿ? ಕೆಟ್ಟಾಕಿ ನಾನ, ವಾಸನಿ ನನ್ನೊಳಗಿಂದ ಅನ್ಕೊಂಡ್ನಿ. ಆಮ್ಯಾಲ ಮಂದಿ ಎಲ್ಲಾ ಮೂಗ ಮುಚ್ಕೊಂಡ್ರಲ್ರಿ, ಖಾತ್ರಿ ಆತು. ದೇವರ ನನ್ನ ಕ್ಷಮಿಸಿಲ್ಲ, ನಾ ಮುಟ್ಟಿದ್ದೆಲ್ಲಾ ಸೆರೆ ಆಗತೈತಿ ಅಂತ. ಏಳ ವರ್ಷ ಆತ್ರಿ, ಯಾವ ಊರಾಗೂ ಆ ಮೇಜಿನ ಹಂತ್ಯಾಕ ಹೋಗಿಲ್ಲ.”

ಅವಳ ಕೆಲಸ ಕಸಿದುಕೊಂಡೆ, ಹೆಸರು ಕೆಡಿಸಿದೆ ಎಂದು ನಾನು ಕೊರಗುತ್ತಿದ್ದೆ. ಆದದ್ದು ಅದಲ್ಲ. ದೇವರು ಕ್ಷಮಿಸಿದ್ದಾನೆ ಎಂಬ ಅವಳ ನಂಬಿಕೆಯನ್ನೇ ನಾನು ಕದ್ದು ಏಳು ವರ್ಷ ಇಟ್ಟುಕೊಂಡಿದ್ದೆ.

“ಅಂದ್ರ ಬರೇ ಕುದಸಲಾರದ್ದಕ್ಕ?” ರೂತವ್ವ ಮತ್ತೆ ಕೇಳಿದಳು. “ಬರೇ ಅಷ್ಟಕ್ಕ?” ನಗತೊಡಗಿದಳು. ನಗುತ್ತ ಅತ್ತಳು. ಎದ್ದು ಹೋಗಿ ಬಾನಿಯ ನೀರಿನಿಂದ ಮುಖ ತೊಳೆದಳು, ಬಂದು ಕುಳಿತಳು, ಮತ್ತೆ ನಕ್ಕಳು. “ಆತ ಆಗಲೇ ಕ್ಷಮಿಸಿದ್ದ, ನಾನ ಹುಚ್ಚಿ,” ಎಂದಳು. ನಾನು ಎದುರಿಗೆ ಇದ್ದೇನೆ ಎಂಬ ಅರಿವೂ ಅವಳಿಗಿರಲಿಲ್ಲ. ನನ್ನ ದೊಡ್ಡ ಪಾಪದ ದೊಡ್ಡ ಒಪ್ಪಿಗೆಯಲ್ಲಿ ಅವಳಿಗೆ ಕೇಳಿಸಿದ್ದು ತನ್ನ ಬಿಡುಗಡೆಯ ಸುದ್ದಿ ಮಾತ್ರ. ಆ ಮುಖ ನೋಡಿ ನನಗೆ, ದೇವರಾಣೆಗೂ, ಮತ್ತೆ ಹೊಟ್ಟೆ ಉರಿಯಿತು.

“ನನಗೇನಂತಿ ರೂತವ್ವ?” ಎಂದೆ.

ನಗು ನಿಂತಿತು. ಈಗ ನನ್ನನ್ನು ನೋಡಿದಳು. “ನನಗ ಹೇಳಿದ್ರಿ, ಚಲೋ ಆತು. ಮೂಗ ಮುಚ್ಕೊಂಡ ಮಂದಿಗೆ ಯಾರ ಹೇಳತಾರ್ರಿ?” ಎಂದು ಹೆಸರುಕಾಯಿಯ ಬುಟ್ಟಿ ಎಳೆದುಕೊಂಡಳು. “ಇವತ್ತ ಚಹಾ ಮಾಡೂದಿಲ್ರಿ ಅಕ್ಕೋರ. ಅಲ್ಲಿ ಹೇಳಿ ಬರ್ರಿ. ಆಮ್ಯಾಲ ಮಾಡತೇನಿ.”

ನಮ್ಮ ಕಡೆ ಮನೆಗೆ ಬಂದ ವೈರಿಯನ್ನೂ ಚಹಾ ಕೊಡದೆ ಕಳಿಸುವುದಿಲ್ಲ. ಒಣ ಬಾಯಲ್ಲಿ ಎರಡು ಬಸ್ಸು ಬದಲಿಸಿ ಮನೆ ಸೇರಿದೆ.

ಭಾನುವಾರ ಸಾಕ್ಷಿಯ ಹೊತ್ತಿಗೆ ಎದ್ದು ನಿಂತೆ. ಹಿಂದೆ ಒಬ್ಬಿಬ್ಬರು ಆಗಲೇ ನಗಲು ಸಿದ್ಧರಾಗಿದ್ದರು, ಬೆಲ್ಲದ ಕಥೆ ಇನ್ನೂ ಯಾರೂ ಮರೆತಿಲ್ಲ. ಹೇಳಿದೆ. ಕುದಿಸುವುದನ್ನು ಮುಚ್ಚಿಟ್ಟದ್ದು, ಬಾಗಿಲ ತನಕ ಅವಳು ನಡೆಯುವಾಗ ಸುಮ್ಮನೆ ಕುಳಿತದ್ದು, ಸಾಯುವ ಅತ್ತೆಗೆ ಸುಳ್ಳು ಹೇಳಿದ್ದು. ತಗಡಿನ ಮೇಲೆ ಕಾಗೆ ನಡೆಯುವ ಸದ್ದು ಕೇಳುತ್ತಿತ್ತು. “ಅಕ್ಕೋರ ಹಿಂಗ ಮಾಡಿದ್ರಾ,” ಎಂದು ಯಾರೋ ಹೆಂಗಸು ತನಗೆ ತಾನೇ ಅಂದುಕೊಂಡಳು. ಮುಗಿಸಿ ನಿಂತೇ ಇದ್ದೆ. ನನ್ನನ್ನೂ ಯಾರಾದರೂ ಬಂದು ಭುಜ ಹಿಡಿದಾರು, ಅತ್ತಾರು ಎಂಬ ಆಸೆ ಇತ್ತು ಎಂದರೆ ನಂಬಿ. ಯಾರೂ ಏಳಲಿಲ್ಲ. ಹೊಸ ಅಯ್ನೋರು, ಹುಡುಗ ಪ್ರಾಯದವರು, ಏನೂ ಗೊತ್ತಿಲ್ಲದವರು, ಸಣ್ಣ ಪ್ರಾರ್ಥನೆ ಮಾಡಿ ಪ್ರಕಟಣೆಗಳನ್ನು ಓದಿದರು. ಹೊರಗೆ ಬಂದಾಗ ಜನ ನನ್ನ ಸುತ್ತ ಜಾಗ ಬಿಟ್ಟು ನಡೆದರು. ದೇವಪ್ಪ ಹಿರಿಯರು ಮಾತ್ರ ಬೇವಿನ ಗಿಡದ ಕೆಳಗೆ ಕೋಲೂರಿ ನಿಂತಿದ್ದರು.

“ನಾಯಿ ಬಾಲಾ ಅಂದಾಂವ ನಾನ,” ಎಂದರು. “ನನಗೂ ಮನೋಳಿಗೆ ಹೋಗೂದೈತಿ.” ಎಂಬತ್ತರ ಹತ್ತಿರದ ಮುದುಕ, ಗುರುವಾರ ಮೊಮ್ಮಗನ ಮೋಟಾರ್ ಸೈಕಲ್ ಹತ್ತಿ ಹೋಗಿ ಬಂದರು.

ಮೊನ್ನೆ ಶನಿವಾರ, ಭೋಜನದ ಹಿಂದಿನ ದಿನ, ನಾನೂ ಹೋಗಿ ಆ ಬಾಕಿ ಚಹಾ ಕುಡಿದು ಬರಬೇಕೆಂದು ಸೀರೆ ಉಟ್ಟು ನಿಂತಿದ್ದೆ. ಬಾಗಿಲು ತೆರೆದರೆ ಕಟ್ಟೆಯ ಮೇಲೆ ರೂತವ್ವ. ಬಸ್ಸಿನ ಧೂಳು ಮೈಮೇಲೆ ಹಾಗೇ ಇತ್ತು.

“ನಾನ ಬರಾಕಿ ಇದ್ದೆ,” ಎಂದೆ.

“ತಪ್ಪ ಮಾಡಿದಾಕಿ ಬರಬೇಕಲ್ರಿ ರೂಢಿ ಪ್ರಕಾರ,” ಎಂದಳು. “ನೀವು ಆವತ್ತ ಎದ್ದ ಹೋದ ಮ್ಯಾಲ ನನಗ ಸಿಟ್ಟ ಬಂತು ನೋಡ್ರಿ. ನಿಮ್ಮನ್ನ ಭಾಳ ಬೈದೆ. ಎಂಟ ದಿನ ಕುಂತಲ್ಲಿ ನಿಂತಲ್ಲಿ ಬೈದೆ. ನಿಮ್ಮ ಮನಿತನಾ ತೊಳದಿಟ್ಟೆ. ತಪ್ಪಾತ್ರಿ. ಕ್ಷಮಿಸೇನಿ ಅನ್ರಿ.”

ನನಗೆ ಏಳು ವರ್ಷ ಬೇಕಾಯಿತು, ಅವಳಿಗೆ ಎಂಟು ದಿನ. ಇದರಲ್ಲೂ ಮುಂದೆ ಹೋದಳಲ್ಲ ಎಂದು ಒಳಗೆ ಚುರ್ರೆಂದಿತು. ಆ ಚಾಳಿ ನನ್ನ ಜೊತೆಗೇ ಮಣ್ಣಿಗೆ ಹೋಗಬೇಕೇನೋ. ನಾನು ಅವಳನ್ನು ಕ್ಷಮಿಸುವುದೇ? ಅವಳು ಬಿಡುವವಳಲ್ಲ, ಹೊಸ್ತಿಲ ಹೊರಗೇ ನಿಂತಿದ್ದಳು.

“ಕ್ಷಮಿಸೇನಿ,” ಎಂದೆ. ಅಷ್ಟು ಮಂದಿ ಬಂದು ನನ್ನ ಮನೆಯಲ್ಲಿ ಚಹಾ ಕುಡಿದು ಹೋಗಿದ್ದರು; ಆ ಮಾತನ್ನು ಬಾಯಿ ಬಿಟ್ಟು ಅಂದದ್ದು ಅದೇ ಮೊದಲು. ಕಣ್ಣು ತುಂಬಿ ಬಂದವು. “ನಂದು, ರೂತವ್ವ?”

“ನಿಮ್ಮದೇನ್ರಿ?”

“ನನ್ನ ಕ್ಷಮಿಸಿದ್ಯಾ?”

“ಕ್ಷಮಿಸಲಾರದ ಬಸ್ ಹತ್ತತಿದ್ನೇನ್ರಿ?” ಎಂದಳು, ನನಗೆ ಇಷ್ಟೂ ತಿಳಿಯದೇ ಎನ್ನುವ ಹಾಗೆ. ಒಳಗೆ ಬಂದು ಗೋಡೆಗೆ ಒರಗಿ ಕಾಲು ಚಾಚಿ ಕುಳಿತು, ನಾಳೆ ಆರಾಧನೆ ಎಷ್ಟು ಗಂಟೆಗೆ ಎಂದು ಕೇಳಿದಳು.